ಮಿಸ್ಡ್ ಕಾಲ್ ಬಂತೇನು?

ಮಗ ವಾಯುಪಡೆ ಸೇರಿದ್ದಾನೆ. ಅವನ ಏರ್‌ಫೀಲ್ಡ್ ಮನೆಯಿಂದ ಅಷ್ಟೇನೂ ದೂರವಿಲ್ಲ. ಕೆಲಸ ಮುಗಿಸಿ ವಾಪಸ್ ಬರುವಾಗ ಅವನು ತನ್ನ ಮನೆಯ ಮೇಲೆಯೇ ಹಾರುತ್ತಾನೆ. ಹಾರುವಾಗ ಎಂಜಿನ್ನಿನ ಸದ್ದನ್ನು ಒಮ್ಮೆ ತಡೆದು ಮತ್ತೆ ಜೋರು ಮಾಡುತ್ತಾನೆ. 'ಬಂದೆ, ಚೆನ್ನಾಗಿದ್ದೇನೆ' ಅಂತ ಅರ್ಥ. ಕೆಳಗೆ ಅಪ್ಪ ಅಮ್ಮ ಕಿವಿ ಆಕಾಶಕ್ಕೆ ಕೊಟ್ಟು ಕೂತಿರುತ್ತಾರೆ. ಮಾತಿಲ್ಲ, ಕಾಗದವಿಲ್ಲ, ಖರ್ಚೂ ಇಲ್ಲ.

ನಮ್ಮ ಕಡೆ ಇದಕ್ಕೆ ಮಿಸ್ಡ್ ಕಾಲ್ ಅಂತಾರೆ.

ಸಿನಿಮಾದ ಹೆಸರು 'ಮಿಸೆಸ್ ಮಿನಿವರ್'. 1942ರದು, ಕಪ್ಪು-ಬಿಳುಪು, 134 ನಿಮಿಷ. ಎಂಜಿಎಂ ಕಂಪನಿ ತೆಗೆದದ್ದು, ನಿರ್ದೇಶಕ ವಿಲಿಯಂ ವೈಲರ್. 12 ಆಸ್ಕರ್ ನಾಮನಿರ್ದೇಶನ, ಗೆದ್ದದ್ದು ಆರು. ಯುದ್ಧದ ಸಿನಿಮಾ ಅಂತ ಹುಡುಕಿ ನೋಡಲು ಕೂತರೆ ಮೊದಲ ಅರ್ಧ ಗಂಟೆ ನಿಮಗೆ ಬೇಜಾರಾಗಬಹುದು, ಯಾಕಂದರೆ ಯುದ್ಧವೇ ಇಲ್ಲ. ಲಂಡನ್ನಿಗೆ ಶಾಪಿಂಗ್‌ಗೆ ಬಂದ ಗೃಹಿಣಿಯೊಬ್ಬಳು ಬಸ್ಸು ಹತ್ತಿದವಳು ಇಳಿದು ಓಡುತ್ತಾಳೆ. ಯಾಕೆ? ಅಂಗಡಿಯಲ್ಲಿ ನೋಡಿದ ಒಂದು ದುಬಾರಿ ಟೋಪಿ ಬೇರೆ ಯಾರದಾದರೂ ಪಾಲಾಗಿಬಿಟ್ಟರೆ ಅಂತ! ಅದೇ ದಿನ ಅವಳ ಗಂಡ ಹೊಸ ಕಾರು ತಗೊಂಡಿದ್ದಾನೆ. ಅವಳು ಟೋಪಿಯ ವಿಷಯ ಅವನಿಗೆ ಹೇಗೆ ಹೇಳಲಿ ಅಂತ, ಅವನು ಕಾರಿನ ವಿಷಯ ಅವಳಿಗೆ ಹೇಗೆ ಹೇಳಲಿ ಅಂತ ಸಂಜೆಯಿಡೀ ಒದ್ದಾಡುತ್ತಾರೆ. ಇಎಂಐ ಇಲ್ಲದ ಕಾಲದ ಇಎಂಐ ಸಂಸಾರ.

ರೈಲ್ವೆ ಸ್ಟೇಷನ್ ಮಾಸ್ತರ ಒಬ್ಬನಿದ್ದಾನೆ, ಬ್ಯಾಲಾರ್ಡ್ ಅಂತ. ಗುಲಾಬಿ ಬೆಳೆಸುವ ಹುಚ್ಚು. ತಾನು ಬೆಳೆಸಿದ ಹೊಸ ಗುಲಾಬಿಗೆ 'ಮಿಸೆಸ್ ಮಿನಿವರ್' ಅಂತ ಹೆಸರಿಡುತ್ತೇನೆ, ಒಪ್ಪಿಗೆಯೇ ಅಂತ ಕೇಳುತ್ತಾನೆ. ಊರಿನ ಫ್ಲವರ್ ಶೋದಲ್ಲಿ ಪ್ರತಿ ವರ್ಷ ಕಪ್ ಹೋಗುವುದು ಊರಿನ ದೊಡ್ಡ ಮನೆಯ ಮುದುಕಿ ಲೇಡಿ ಬೆಲ್ಡನ್‌ಗೆ. ಈ ಸಲ ಸ್ಟೇಷನ್ ಮಾಸ್ತರ ಪೈಪೋಟಿಗೆ ನಿಲ್ಲಬಹುದೇ? ಮೊದಲರ್ಧ ಸಿನಿಮಾದ ದೊಡ್ಡ ಸಮಸ್ಯೆ ಇದು. ಆಮೇಲೆ ಜರ್ಮನ್ ವಿಮಾನಗಳು ಬರುತ್ತವೆ.

ಈ ಸಿನಿಮಾ ನಾನು ನೋಡಿದ್ದು ಮೋರಟಗಿಯಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ. 2025ರ ಜೂನ್, ಕಾರಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದ್ದೆ. ಅವ್ವ, ವೈನಿ, ಅಣ್ಣನ ಮಕ್ಕಳಿಬ್ಬರು, ನಾನು. ಮಕ್ಕಳು ಹತ್ತು ನಿಮಿಷಕ್ಕೇ ಮಲಗಿದರು. ಇಂಗ್ಲಿಷ್ ಮಾತು, ಇಂಗ್ಲಿಷ್ ಸಬ್‌ಟೈಟಲ್. ವೈನಿಗೆ ಅರ್ಧ ತಿಳಿಯುತ್ತಿತ್ತು, ಅವ್ವನಿಗೆ ನಾನು ಕಥೆ ಹೇಳುತ್ತಿದ್ದೆ.

ಅವ್ವನ ಮೊದಲ ವಿಮರ್ಶೆ: "ಇಕಿ ಮನ್ಯಾಗ ಅಡಗಿ ಮಾಡಾಕ ಒಬ್ಬಾಕಿ, ಚಾ ತಂದು ಕೊಡಾಕ ಒಬ್ಬಾಕಿ ಅದಾಳ. ಮತ್ತ ಇಕಿಗೇನು ತ್ರಾಸ ಐತಿ?"

ಎಂಬತ್ತು ವರ್ಷದಿಂದ ಎಷ್ಟೋ ಮಂದಿ ಈ ಸಿನಿಮಾದ ಬಗ್ಗೆ ಉದ್ದುದ್ದ ಬರೆದು ಹೇಳಿದ್ದನ್ನು ಅವ್ವ ಒಂದೇ ಸಾಲಿನಲ್ಲಿ ಮುಗಿಸಿದಳು. ಸಿನಿಮಾ ಶುರುವಿನಲ್ಲೇ ಇದು ಮಧ್ಯಮ ವರ್ಗದ ಕುಟುಂಬದ ಕಥೆ ಅಂತ ಹೇಳಿಕೊಳ್ಳುತ್ತದೆ. ನದಿ ದಂಡೆಯ ಮೇಲೆ ದೊಡ್ಡ ಮನೆ, ಸ್ವಂತ ಮೋಟರ್ ಬೋಟು, ಆಕ್ಸ್‌ಫರ್ಡಿನಲ್ಲಿ ಓದುವ ಮಗ. ಅಂಥ ಮಧ್ಯಮ ವರ್ಗ ನಮಗೂ ದೇವರು ಕೊಡಲಿ. ಇಡೀ ಇಂಗ್ಲೆಂಡನ್ನು ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ ಕಟ್ಟಿದ್ದು, ಹಾಗಾಗಿ ಎಲ್ಲವೂ ಸ್ವಲ್ಪ ಜಾಸ್ತಿಯೇ ಚಂದ.

ಹಾಗಿದ್ದರೂ ಈ ಸಿನಿಮಾ ನಮ್ಮ ಮನೆಯೊಳಗೆ ಯಾಕೆ ಹೊಕ್ಕಿತು ಅಂತ ಹೇಳಬೇಕಾದರೆ ಅದರ ಹಿಂದಿನ ತಿಂಗಳಿನ ಮಾತು ಹೇಳಬೇಕು.

ಅಣ್ಣ ಸೈನ್ಯದಲ್ಲಿದ್ದಾನೆ. ಎಲ್ಲಿ ಅಂತ ಬರೆಯುವುದಿಲ್ಲ. ಪಶ್ಚಿಮದ ಕಡೆ ಅಂದರೆ ಸಾಕು. 2025ರ ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ಶುರುವಾಯಿತು. ಅಣ್ಣನ ವಾಟ್ಸಾಪ್‌ನಲ್ಲಿ ಲಾಸ್ಟ್ ಸೀನ್ 6ನೇ ತಾರೀಕು ರಾತ್ರಿಯದು. ಆಮೇಲೆ ಮೆಸೇಜಿಗೆ ಒಂದೇ ಟಿಕ್. ನಾನು ಬೆಂಗಳೂರಿನಲ್ಲಿ. 7ನೇ ತಾರೀಕು ದೇಶದ 244 ಜಿಲ್ಲೆಗಳಲ್ಲಿ ಮಾಕ್ ಡ್ರಿಲ್ ಅಂತ ಸುದ್ದಿ. ಸೈರನ್ ಆದರೆ ಏನು ಮಾಡಬೇಕು ಅನ್ನುವ ಇನ್ಫೋಗ್ರಾಫಿಕ್ ಆಫೀಸಿನ ಗ್ರೂಪಿಗೆ ಬಂತು. ಅದರ ಕೆಳಗೆ ಮೂವರು ಮೀಮ್ ಹಾಕಿದರು. 9ಕ್ಕೆ ಐಪಿಎಲ್ ಒಂದು ವಾರ ನಿಂತಿತು. ನನ್ನ ಸುತ್ತಲಿನ ತುಂಬ ಜನಕ್ಕೆ ಯುದ್ಧ ಮುಟ್ಟಿದ್ದು ಆಗಲೇ ಅಂತ ಕಾಣುತ್ತದೆ. ಅವರನ್ನು ಬೈಯಲು ಹೇಳುತ್ತಿಲ್ಲ. ಸ್ಟ್ಯಾಂಡಪ್ ಕಾಲ್‌ನಲ್ಲಿ ನಾನೂ 'ನೋ ಬ್ಲಾಕರ್ಸ್' ಅಂತಲೇ ಹೇಳಿದೆ.

ಊರಿನಲ್ಲಿ ಟಿವಿ ಒಂದೇ ಸಮನೆ ಕಿರುಚುತ್ತಿತ್ತಂತೆ. 8ರ ರಾತ್ರಿ ಏನೇನೋ ಬಂತು: ಆ ಬಂದರು ಹೋಯಿತು, ಈ ಊರು ಕೈಗೆ ಬಂತು. ಬೆಳಗಾಗುವುದರೊಳಗೆ ಎಷ್ಟೋ ಸುಳ್ಳು ಅಂತ ಗೊತ್ತಾಯಿತು. ವೈನಿ ಎದ್ದು ಹೋಗಿ ಪ್ಲಗ್ಗನ್ನೇ ಕಿತ್ತರಂತೆ. "ಅವರಿಗೂ ಏನೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇಬ್ರೂ ಸುಮ್ಮಕಿರೂಣು" ಅಂದರಂತೆ. ಇದನ್ನು ನನಗೆ ಫೋನಿನಲ್ಲಿ ಹೇಳಿದವಳು ಅವ್ವ.

ಮೇ ತಿಂಗಳು ಅಂದರೆ ನಮ್ಮ ಕಡೆ ಶಾವಿಗೆ, ಸಂಡಿಗೆ, ಹಪ್ಪಳದ ತಿಂಗಳು. ತೊಗರಿ, ಜೋಳ, ಕಡಲೆ ಎಲ್ಲ ಒಳಗೆ ಬಂದಿರುತ್ತದೆ, ಮಳೆಗೆ ಇನ್ನೂ ಟೈಮಿರುತ್ತದೆ, ಬಿಸಿಲು ಸುಡುತ್ತಿರುತ್ತದೆ. ಓಣಿಯ ಹೆಂಗಸರು ಇವತ್ತು ಇವರ ಮನೆ, ನಾಳೆ ಅವರ ಮನೆ ಅಂತ ಪಾಳಿ ಹಾಕಿಕೊಂಡು ಮಾಡುತ್ತಾರೆ. ಆ ವಾರ ನಮ್ಮ ಮನೆಯ ಪಾಳಿ. ಮುಂದಕ್ಕೆ ಹಾಕೋಣ ಅಂತ ಯಾರೋ ಅಂದದ್ದಕ್ಕೆ ವೈನಿ, "ಹಿಟ್ಟು ನಾದಿಟ್ಟೀನಿ, ಬರ್ರಿ" ಅಂದರಂತೆ. ಮಾಳಿಗೆ ಮೇಲೆ ಕಟ್ಟಿಗೆ ಕಟ್ಟಿ ಶಾವಿಗೆ ಒಣಗಲು ಹಾಕಿದರು. ನಾಲ್ಕು ದಿನ ಎಂಟ್ಹತ್ತು ಹೆಂಗಸರು ಬಂದು ಹೋದರು. ಒಬ್ಬರೂ ಅಣ್ಣನ ಹೆಸರು ಎತ್ತಲಿಲ್ಲ. ಫೋನ್ ಮಾತ್ರ ವೈನಿಯ ಮಗ್ಗುಲಲ್ಲೇ, ಹಿಟ್ಟು ಮೆತ್ತದ ಹಾಗೆ ಒಂದು ವಸ್ತ್ರದಲ್ಲಿ ಸುತ್ತಿಟ್ಟದ್ದು.

10ರ ಸಂಜೆ ಕದನ ವಿರಾಮದ ಸುದ್ದಿ. ಅದಾದ ಮೇಲೂ ಫೋನ್ ಬರಲಿಲ್ಲ. 11ರ ಬೆಳಗಿನ ಜಾವ ಗೊತ್ತಿಲ್ಲದ ನಂಬರಿನಿಂದ ಒಂದು ಮಿಸ್ಡ್ ಕಾಲ್. ಎರಡೇ ರಿಂಗು. ಯಾರ ಫೋನೋ ಏನೋ. ವೈನಿ ತಿರುಗಿ ಮಾಡಲಿಲ್ಲ. ಅವರಿಬ್ಬರ ನಡುವೆ ಮೊದಲಿನಿಂದಲೂ ಎರಡು ರಿಂಗಿನ ಲೆಕ್ಕ ಇತ್ತಂತೆ. ನಮಗ್ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೇ ಸಿನಿಮಾದಲ್ಲಿ ಆ ಎಂಜಿನ್ ಸದ್ದು ಬಂದಾಗ ನಾನು ಅರ್ಥ ಬಿಡಿಸಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ವೈನಿ, "ತಿಳೀತು" ಅಂದದ್ದು.

'ಹೋಮ್ ಫ್ರಂಟ್' ಅನ್ನುವುದಕ್ಕೆ ಕನ್ನಡದಲ್ಲಿ ಒಂದು ಚಲೋ ಮಾತು ನನಗೆ ಹೊಳೆದಿಲ್ಲ. ಮನೆಯೂ ರಣರಂಗವೇ ಅನ್ನುವ ಅರ್ಥ ಅದಕ್ಕಿದೆ. ಇಂಗ್ಲೆಂಡಿನವರಿಗೆ ಅದು ಅಕ್ಷರಶಃ ನಿಜವಾಗಿತ್ತು, ಬಾಂಬು ಮನೆಯ ಮೇಲೇ ಬೀಳುತ್ತಿತ್ತು. ಸಿನಿಮಾದ ಅತ್ಯಂತ ಒಳ್ಳೆಯ ಹದಿನೈದು ನಿಮಿಷ ಇರುವುದು ಒಂದು ಸಣ್ಣ ಗೂಡಿನೊಳಗೆ. ಹಿತ್ತಲಲ್ಲಿ ನೆಲ ತೋಡಿ, ತಗಡು ಬಗ್ಗಿಸಿ ನಿಲ್ಲಿಸಿ, ಮೇಲೆ ಮಣ್ಣು ಮುಚ್ಚಿದ ಆಶ್ರಯ. ಆ ಕಾಲದಲ್ಲಿ ಅದಕ್ಕೆ ಆಂಡರ್ಸನ್ ಶೆಲ್ಟರ್ ಅನ್ನುತ್ತಿದ್ದರು. ಗಂಡ, ಹೆಂಡತಿ, ಎರಡು ಸಣ್ಣ ಮಕ್ಕಳು, ಒಂದು ಬೆಕ್ಕು. ಮಕ್ಕಳು ಮಲಗಿವೆ. ಅವಳು ನಿಟ್ಟಿಂಗ್ ಮಾಡುತ್ತಿದ್ದಾಳೆ, ಅವನು ಪೈಪ್ ಹಚ್ಚಿಕೊಂಡು 'ಆಲಿಸ್ ಇನ್ ವಂಡರ್‌ಲ್ಯಾಂಡ್' ಪುಸ್ತಕದ ಬಗ್ಗೆ ಮಾತಾಡುತ್ತಿದ್ದಾನೆ. ಹೊರಗಿನ ಸದ್ದು ಮೆಲ್ಲಗೆ ಹತ್ತಿರವಾಗುತ್ತದೆ. ಇಬ್ಬರೂ ಅದರ ಬಗ್ಗೆ ಮಾತಾಡುವುದಿಲ್ಲ. ಸೂಜಿ ಓಡುತ್ತಲೇ ಇರುತ್ತದೆ. ಕೊನೆಗೆ ಗೂಡೇ ಅಲುಗಾಡಿ, ಬಾಗಿಲು ತೆರೆದುಕೊಂಡು, ಮಕ್ಕಳು ಚೀರಿಕೊಂಡು ಎದ್ದಾಗಲಷ್ಟೇ ಅವರ ಮುಖದ ಮೇಲಿನದು ಕಳಚಿ ಬೀಳುತ್ತದೆ. ವಿಮಾನ ತೋರಿಸುವುದಿಲ್ಲ, ಬಾಂಬು ತೋರಿಸುವುದಿಲ್ಲ. ಬರೀ ಸದ್ದು, ಬರೀ ಮುಖ.

ಆ ಸೂಜಿ ನೋಡಿ ನನಗೆ ಶಾವಿಗೆ ನೆನಪಾಯಿತು. ವೈನಿಯ ಕಡೆ ತಿರುಗಿ ನೋಡುವ ಧೈರ್ಯ ಆಗಲಿಲ್ಲ.

ಈ ಕಥೆ ಹುಟ್ಟಿದ್ದು ಒಂದು ಅಂಕಣದಿಂದ. ಜಾನ್ ಸ್ಟ್ರದರ್ ಅನ್ನುವುದು ಒಬ್ಬ ಲೇಖಕಿಯ ಕಾವ್ಯನಾಮ. ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ 1937ರಿಂದ ಆಕೆ ಮಿಸೆಸ್ ಮಿನಿವರ್ ಅನ್ನುವ ಕಾಲ್ಪನಿಕ ಗೃಹಿಣಿಯ ಸಣ್ಣಪುಟ್ಟ ದಿನಚರಿ ಬರೆಯುತ್ತಿದ್ದರು. 1939ರಲ್ಲಿ ಪುಸ್ತಕವಾಯಿತು. ಪುಸ್ತಕದಲ್ಲಿ ಯುದ್ಧ ಬಾಗಿಲಿಗೆ ಬಂದು ನಿಂತಿದೆಯಷ್ಟೇ; ಸಿನಿಮಾದಲ್ಲಿ ನೀವು ನೋಡುವ ಹೆಚ್ಚಿನದೆಲ್ಲ ಹಾಲಿವುಡ್ಡಿನವರು ಕಟ್ಟಿದ್ದು. ಲೇಖಕಿ 1940ರಲ್ಲಿ ಮಕ್ಕಳ ಜೊತೆ ಅಮೆರಿಕಕ್ಕೆ ಹೋದರು, ಗಂಡ ಯುದ್ಧಕೈದಿಯಾದ. ಆದರ್ಶ ಸಂಸಾರ ಬರೆದಾಕೆಯ ಸಂಸಾರ ಅದಕ್ಕೂ ಮೊದಲೇ ಬಿರುಕು ಬಿಟ್ಟಿತ್ತು, ಮುಂದೆ ಮುರಿದೂ ಹೋಯಿತು. ಅಂಕಣ ಬರೆಯುವವರ ಮನೆ ಅಂಕಣದಲ್ಲಿ ಇದ್ದಂತೆ ಇರುವುದಿಲ್ಲ ಅನ್ನುವುದು ಹಳೆಯ ಸುದ್ದಿ.

ಇದು ಪ್ರಚಾರದ ಸಿನಿಮಾ ಅನ್ನುವುದನ್ನೂ ಮುಚ್ಚಿಡುವ ಅಗತ್ಯವಿಲ್ಲ. 1941ರ ಕೊನೆಗೆ ಚಿತ್ರೀಕರಣ ಶುರುವಾದಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಗಾಯಗೊಂಡ ಜರ್ಮನ್ ಪೈಲಟ್ ಒಬ್ಬ ಮಿನಿವರ್ ಮನೆಯ ಹಿತ್ತಲಿಗೆ ಬಂದು ಬೀಳುವ ದೃಶ್ಯವಿದೆ. ಅವನು ಪಿಸ್ತೂಲು ತೋರಿಸಿ ಊಟ ಕೇಳುತ್ತಾನೆ, ಅವಳು ಹಾಲು ಬ್ರೆಡ್ಡು ಕೊಡುತ್ತಾಳೆ. ಸ್ಟುಡಿಯೋ ಯಜಮಾನ ಲೂಯಿ ಬಿ. ಮೇಯರ್‌ಗೆ ಆ ಪೈಲಟ್ ಸ್ವಲ್ಪ ಪಾಪದವನಾಗಿರಲಿ ಅಂತ ಆಸೆ. ಜರ್ಮನಿಯ ಮಾರ್ಕೆಟ್ಟಿನ ಚಿಂತೆ. ವೈಲರ್ ಹುಟ್ಟಿದ್ದು ಅಲ್ಸೇಸ್‌ನ ಯಹೂದಿ ಕುಟುಂಬದಲ್ಲಿ, ಅವನಿಗೆ ಆ ವಿಷಯ ಬರೀ ಸಿನಿಮಾ ಆಗಿರಲಿಲ್ಲ. ಹತ್ತಾರು ಜರ್ಮನ್ನರಿದ್ದರೆ ಒಬ್ಬನನ್ನು ಒಳ್ಳೆಯವನು ಮಾಡಬಹುದಿತ್ತು, ಇರುವವನು ಒಬ್ಬನೇ, ಅವನು ನಾಜಿಯೇ ಆಗಬೇಕು ಅನ್ನುವುದು ಅವನ ವಾದ. ಅಷ್ಟರಲ್ಲಿ ಪರ್ಲ್ ಹಾರ್ಬರ್ ಆಯಿತು. ವೈಲರ್ ಹೇಳಿದ್ದೇ ನಡೆಯಿತು. ಅವಳು ಆ ಪೈಲಟ್ಟಿನ ಕೆನ್ನೆಗೆ ಹೊಡೆಯುವುದು ಅವನು ಊರುಗಳನ್ನೆಲ್ಲ ಸುಡುತ್ತೇವೆ ಅಂತ ಬಡಾಯಿ ಕೊಚ್ಚಿದಾಗ.

ಕೊನೆಯಲ್ಲಿ ಪಾದ್ರಿಯ ಭಾಷಣ ಬರುತ್ತದೆ. ಇದು ಬರೀ ಸೈನಿಕರ ಯುದ್ಧವಲ್ಲ, ಎಲ್ಲರ ಯುದ್ಧ ಅನ್ನುವ ಧಾಟಿಯದು. ಚಿತ್ರೀಕರಣದ ಹೊತ್ತಿನಲ್ಲಿ ನಿರ್ದೇಶಕ ಮತ್ತು ಆ ಪಾತ್ರ ಮಾಡಿದ ಹೆನ್ರಿ ವಿಲ್ಕಾಕ್ಸನ್ ಕೂತು ತಿದ್ದಿ ಬರೆದದ್ದು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಎಷ್ಟು ಹಿಡಿಸಿತೆಂದರೆ ಅದನ್ನು ಅಚ್ಚು ಹಾಕಿಸಿ ಹಂಚಿಸಿದರು. ನಮ್ಮ ಪಡಸಾಲೆಯಲ್ಲಿ ಮಾತ್ರ ಅದಕ್ಕೆ ಅಂಥ ಮರ್ಯಾದೆ ಸಿಗಲಿಲ್ಲ. "ಭಾಷಣ ಇನ್ನೂ ಐತೇನು?" ಅಂತ ಕೇಳಿದ ಅವ್ವ ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿ ಬಂದಳು.

ಪೈಲಟ್ಟಿನ ದೃಶ್ಯಕ್ಕೆ ವೈನಿ ಅಂದದ್ದು ನನಗೆ ಇನ್ನೂ ನೆನಪಿದೆ. "ಮೊದ್ಲ ಹಾಲು ಕೊಟ್ಲು, ಆಮ್ಯಾಲ ಹೊಡದ್ಲು. ಎರಡೂ ಬರೋಬ್ಬರಿ."

1942ರ ಜೂನ್‌ನಲ್ಲಿ ಈ ಸಿನಿಮಾ ನ್ಯೂಯಾರ್ಕಿನಲ್ಲಿ ತೆರೆಕಂಡು ವಾರಗಟ್ಟಲೆ ಓಡುತ್ತಿದ್ದಾಗ ನಮ್ಮಲ್ಲಿ ಏನಾಗುತ್ತಿತ್ತು? ಆಗಸ್ಟ್ ಬಂದರೆ ಕ್ವಿಟ್ ಇಂಡಿಯಾ. ಬಿಜಾಪುರ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಯುದ್ಧಕ್ಕೆ ಭಾರತದಿಂದ ಸುಮಾರು 25 ಲಕ್ಷ ಜನ ಸೈನಿಕರಾಗಿ ಹೋದರು, ಬರ್ಮಾ, ಉತ್ತರ ಆಫ್ರಿಕ, ಇಟಲಿ. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅಷ್ಟು ಮನೆಗಳಲ್ಲಿ ಅಷ್ಟು ಮಂದಿ ಹೆಂಗಸರು ಕಾದಿರಬೇಕಲ್ಲ? ಅವರ ಮೇಲೆ ಯಾವ ಎಂಜಿಎಂ ಸಿನಿಮಾ ತೆಗೆಯಿತು? ಆ ಕಾಲದ ಒಂದು ಗುರುತು ನಮ್ಮ ಮಾತಿನಲ್ಲಿ ಮಾತ್ರ ಉಳಿದಿದೆ. ರೇಷನ್ ಅಂಗಡಿಗೆ ನಮ್ಮ ಕಡೆ ಹಳಬರು ಈಗಲೂ 'ಕಂಟ್ರೋಲ್' ಅನ್ನುತ್ತಾರೆ. ಕಂಟ್ರೋಲ್ ಅಕ್ಕಿ, ಕಂಟ್ರೋಲ್ ಸಕ್ಕರೆ. ಅರಿವೆ, ಸೀಮೆಎಣ್ಣೆ, ಕಾಳುಕಡಿ ಎಲ್ಲದಕ್ಕೂ ಸರ್ಕಾರದ ಹಿಡಿತ ಬಂದ ಆ ಯುದ್ಧಕಾಲದ ಪದ. ಲಂಡನ್ನಿನ ಬಾಂಬು ಮೋರಟಗಿಗೆ ಬಂದದ್ದು ಹೀಗೆ, ಒಂದು ಚೀಟಿಯಾಗಿ.

ಕನ್ನಡದಲ್ಲಿ ಈ ಜಾತಿಗೆ ಹತ್ತಿರದ ಸಿನಿಮಾ ಯಾವುದು ಅಂದರೆ ನನಗೆ ತಟ್ಟನೆ ನೆನಪಾಗುವುದು 'ಮುತ್ತಿನ ಹಾರ'. 1990ರದು, ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಹಂಸಲೇಖ ಸಂಗೀತ. ಕೊಡಗಿನ ಸಿಪಾಯಿ ಅಚ್ಚಪ್ಪನಾಗಿ ವಿಷ್ಣುವರ್ಧನ್, ನರ್ಸ್ ಅನ್ನಪೂರ್ಣೆಯಾಗಿ ಸುಹಾಸಿನಿ. ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಬಾಲಮುರಳೀಕೃಷ್ಣ ಹಾಡಿದ ಆ ಹಾಡು ನಿಮ್ಮಲ್ಲಿ ಸಿನಿಮಾ ನೋಡದವರ ಕಿವಿಗೂ ಬಿದ್ದಿರುತ್ತದೆ. ಎರಡನೇ ಮಹಾಯುದ್ಧದಿಂದ ಶುರುವಾಗಿ ಒಂದಾದ ಮೇಲೊಂದು ಯುದ್ಧ ಆ ಒಂದು ಸಂಸಾರವನ್ನು ಹೇಗೆ ತಿನ್ನುತ್ತ ಹೋಗುತ್ತದೆ ಅನ್ನುವುದೇ ಕಥೆ. ಯುದ್ಧದ ಸಿನಿಮಾ ಅಂದರೆ ಬರೀ ಗುಂಡು ಹಾರಿಸುವುದಲ್ಲ, ಹೆಂಡತಿ ಮಕ್ಕಳ ಲೆಕ್ಕವೂ ಅದರೊಳಗೇ ಬರಬೇಕು ಅಂತ ಕನ್ನಡದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಅದು. ಸಣ್ಣವನಿದ್ದಾಗ ಟಿವಿಯಲ್ಲಿ ನೋಡಿ ಅತ್ತಿದ್ದೆ. ದೊಡ್ಡವನಾಗಿ ನೋಡಿದಾಗಲೂ ಗಂಟಲು ಕಟ್ಟಿತು.

ಆದರೆ ಒಂದು ವ್ಯತ್ಯಾಸ ಇದೆ. ಅನ್ನಪೂರ್ಣೆ ನರ್ಸ್. ಯುದ್ಧ ಇದ್ದಲ್ಲಿಗೆ ಅವಳ ಕೆಲಸವೂ ಅವಳನ್ನು ಕರೆದೊಯ್ಯುತ್ತದೆ, ಅವಳೂ ಒಂದು ರೀತಿಯ ಸಿಪಾಯಿ. ಮನೆಯಲ್ಲೇ ಉಳಿದವಳ ಸಿನಿಮಾ ಅದಲ್ಲ. ಹಿಂದಿಯ 'ಬಾರ್ಡರ್'ನಲ್ಲಿ ಮನೆಯ ಹೆಂಗಸರು ಬರುವುದು ಹೆಚ್ಚಾಗಿ ನೆನಪಿನಲ್ಲಿ, ಹಾಡಿನಲ್ಲಿ, ಕಾಗದದಲ್ಲಿ. ಕಾಗದ ಓದಿ ಕಣ್ಣೀರು ಹಾಕುವವನು ಗಡಿಯಲ್ಲಿದ್ದಾನೆ, ಕ್ಯಾಮೆರಾ ಕೂಡ ಅಲ್ಲೇ ಇದೆ. ಕಾಗದ ಬರೆದವಳು ಅದಕ್ಕೆ ಅಂಟು ಹಚ್ಚಿ ಪೋಸ್ಟ್ ಡಬ್ಬಿಗೆ ಹಾಕಿ ವಾಪಸ್ ಬಂದು ಏನು ಮಾಡಿದಳು? ದನಕ್ಕೆ ನೀರು ಕುಡಿಸಿದಳೇ, ಮಗುವಿನ ಜ್ವರ ನೋಡಿದಳೇ, ಸೊಸೈಟಿ ಸಾಲದ ನೋಟಿಸ್ ಹಿಡಿದುಕೊಂಡು ಯಾರ ಮನೆ ಬಾಗಿಲಿಗೆ ಹೋದಳು? ಕ್ಯಾಮೆರಾ ಅಲ್ಲಿಗೆ ಹೋಗುವುದೇ ಇಲ್ಲ.

ಇನ್ನೊಂದು ಮಾತು. ಕನ್ನಡ ಸಿನಿಮಾದ ಸೈನಿಕ ಅಂದರೆ ಕೊಡಗಿನವನು ಅನ್ನುವ ರೂಢಿ ಇದೆ. ಕಾರ್ಯಪ್ಪ, ತಿಮ್ಮಯ್ಯ ಅವರ ನಾಡು, ಸಲ್ಲಬೇಕಾದ ಗೌರವವೇ ಅದು. ಆದರೆ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವುದು ಬೆಳಗಾವಿಯಲ್ಲಿ. ನಮ್ಮ ಈ ಕಡೆಯ ಕರಿಮಣ್ಣಿನ ಊರುಗಳಿಂದ ಎಷ್ಟು ಹುಡುಗರು ಸೈನ್ಯಕ್ಕೆ ಹೋಗುತ್ತಾರೆ ಅಂತ ನೋಡಬೇಕಾದರೆ ಬೆಳಗಿನ ಐದು ಗಂಟೆಗೆ ಸಿಂದಗಿ ಸುತ್ತಮುತ್ತಲಿನ ಯಾವುದಾದರೂ ರಸ್ತೆಯಲ್ಲಿ ನಿಲ್ಲಿ. ಓಡುತ್ತಿರುತ್ತಾರೆ. ಕಾಫಿ ತೋಟದ ಹಿನ್ನೆಲೆ ಇಲ್ಲ, ಹಂಸಲೇಖ ಇಲ್ಲ. ಎರಡೆಕರೆ ತೊಗರಿ, ಒಂದು ವರ್ಷ ಮಳೆ ಉಂಟು ಇನ್ನೊಂದು ವರ್ಷ ಇಲ್ಲ, ಮನೆಯಲ್ಲಿ ಒಬ್ಬನಿಗಾದರೂ ತಿಂಗಳ ಪಗಾರ ಬೇಕು. ಅಣ್ಣ ಹೋದದ್ದೂ ಹಾಗೆಯೇ. ಅವನ ಮೊದಮೊದಲ ಪಗಾರದಲ್ಲೇ ನನ್ನ ಎಂಜಿನಿಯರಿಂಗ್ ಫೀ ಕಟ್ಟಿದ್ದು. ಇದನ್ನು ದೇಶಪ್ರೇಮ ಅಲ್ಲ ಅನ್ನುವುದು ತಪ್ಪು, ಬರೀ ದೇಶಪ್ರೇಮ ಅನ್ನುವುದೂ ತಪ್ಪು.

2016ರ ಫೆಬ್ರುವರಿ ನಿಮಗೆ ನೆನಪಿರಬಹುದು. ಸಿಯಾಚಿನ್‌ನಲ್ಲಿ ಹಿಮಕುಸಿತ, ಹತ್ತು ಜನ ಯೋಧರು ಹಿಮದಡಿ. ಎಲ್ಲರೂ ಹೋದರು ಅಂತಲೇ ಅಂದುಕೊಂಡಾಗ, ಆರು ದಿನದ ಮೇಲೆ, ಸುಮಾರು 25 ಅಡಿ ಆಳದಲ್ಲಿ ಒಬ್ಬರು ಉಸಿರಾಡುತ್ತಿದ್ದರು. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಇಡೀ ದೇಶ ಕಾಯಿತು. 11ನೇ ತಾರೀಕು ಅವರು ತೀರಿಹೋದರು. ಆಗ ಎಲ್ಲರೂ ಆ 25 ಅಡಿ ಹಿಮದ ಬಗ್ಗೆ, ಮೈನಸ್ ಡಿಗ್ರಿಗಳ ಬಗ್ಗೆ ಮಾತಾಡಿದರು. ಸತ್ತ ಅಂತ ಒಮ್ಮೆ ಕೇಳಿ, ಬದುಕಿದ್ದಾನೆ ಅಂತ ಇನ್ನೊಮ್ಮೆ ಕೇಳಿ, ಮತ್ತೆ ಇಲ್ಲ ಅಂತ ಕೇಳಿದ ಮನೆಯ ಒಳಗೆ ಆ ವಾರ ಹೇಗಿತ್ತು ಅಂತ ಊಹಿಸಲು ನನಗೆ ಆಗ ಬುದ್ಧಿ ಸಾಲದು. ಮೇ ತಿಂಗಳ ಆ ನಾಲ್ಕು ದಿನ ಆದ ಮೇಲೆ, ಅದರ ತುದಿ ಮಾತ್ರ ಸ್ವಲ್ಪ ಕಂಡಿತು.

'ಮಿಸೆಸ್ ಮಿನಿವರ್'ಗೆ ವಾಪಸ್ ಬಂದರೆ, ಕಥೆ ಹೇಳಿಬಿಡುತ್ತೇನೆ. ಎಂಬತ್ತು ದಾಟಿದ ಸಿನಿಮಾಗೆ ಸ್ಪಾಯ್ಲರ್ ಅಲರ್ಟ್ ಬೇಡ. ಮಗ ವಿನ್, ಲೇಡಿ ಬೆಲ್ಡನ್ನಳ ಮೊಮ್ಮಗಳು ಕ್ಯಾರಲ್‌ಳನ್ನು ಮದುವೆಯಾಗುತ್ತಾನೆ. (ಮಗನ ಪಾತ್ರ ಮಾಡಿದ ರಿಚರ್ಡ್ ನೇ ಮರುವರ್ಷ ಅಮ್ಮನ ಪಾತ್ರ ಮಾಡಿದ ಗ್ರೀರ್ ಗಾರ್ಸನ್‌ಳನ್ನು ನಿಜವಾಗಿ ಮದುವೆಯಾದ. ಅವ್ವನಿಗೆ ಇದನ್ನು ಹೇಳಲಿಲ್ಲ.) ಕ್ಯಾರಲ್ ತನ್ನ ಅತ್ತೆಗೆ ಒಂದು ಮಾತು ಹೇಳುತ್ತಾಳೆ: ವಿನ್ ಯಾವತ್ತಾದರೂ ಸಾಯಬಹುದು ಅಂತ ನನಗೆ ಗೊತ್ತಿದೆ, ಅದಕ್ಕೇ ಒಂದು ಗಳಿಗೆಯನ್ನೂ ಹೆದರಿಕೆಗೆ ಕೊಡುವುದಿಲ್ಲ, ಅಳಲು ಆಮೇಲೆ ಬೇಕಾದಷ್ಟು ಟೈಮಿರುತ್ತದೆ ಅನ್ನುವ ಅರ್ಥದ್ದು. ಸಿನಿಮಾ ನೋಡುವ ನಾವೂ ವಿನ್ ಸಾಯುವುದಕ್ಕೇ ತಯಾರಾಗಿ ಕೂತಿರುತ್ತೇವೆ. ಅವನನ್ನು ಏರ್‌ಫೀಲ್ಡಿಗೆ ಬಿಟ್ಟು ಅತ್ತೆ ಸೊಸೆ ಕಾರಿನಲ್ಲಿ ವಾಪಸ್ ಬರುತ್ತಿರುವಾಗ ಮೇಲಿಂದ ಗುಂಡು ಬೀಳುತ್ತದೆ. ಸಾಯುವವಳು ಕ್ಯಾರಲ್. ಮನೆಯ ನೆಲದ ಮೇಲೆ, ಅತ್ತೆ ಆಂಬುಲೆನ್ಸಿಗೆ ಫೋನ್ ಮಾಡಿ ಕಾಯುತ್ತಿರುವಾಗ. ಅದೇ ದಾಳಿಯಲ್ಲಿ ಗುಲಾಬಿಯ ಸ್ಟೇಷನ್ ಮಾಸ್ತರನೂ ಹೋಗುತ್ತಾನೆ, ಕಪ್ ಗೆದ್ದ ದಿನವೇ. ಯುದ್ಧಕ್ಕೆ ಹೋದವನು ಉಳಿದ, ಮನೆಯಲ್ಲಿದ್ದವರು ಹೋದರು.

ವೈಲರ್ ಆಮೇಲೆ ಸ್ವತಃ ಸೈನ್ಯ ಸೇರಿ ಬಾಂಬರ್ ವಿಮಾನಗಳಲ್ಲಿ ಕೂತು ಡಾಕ್ಯುಮೆಂಟರಿ ತೆಗೆದ. ಆಸ್ಕರ್ ಬಂದಾಗ ಅವನು ಸಮಾರಂಭದಲ್ಲಿ ಇರಲೇ ಇಲ್ಲ. ವಿಮಾನದ ಸದ್ದಿಗೆ ಒಂದು ಕಿವಿ ಹೋಯಿತು. ಯುದ್ಧ ನೋಡಿದ ಮೇಲೆ, ತಾನು ಆ ಸಿನಿಮಾದಲ್ಲಿ ಮೇಲುಮೇಲಿನದನ್ನಷ್ಟೇ ಕೆರೆದಿದ್ದೆ ಅಂತ ಅವನಿಗೇ ಅನ್ನಿಸಿತು. 1946ರಲ್ಲಿ 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' ಮಾಡಿದ, ಯುದ್ಧ ಮುಗಿಸಿ ಮನೆಗೆ ಬಂದ ಮೂವರ ಕಥೆ. ಅದರಲ್ಲಿ ಎರಡೂ ಕೈ ಕಳೆದುಕೊಂಡ ನಾವಿಕನ ಪಾತ್ರ ಮಾಡಿದ ಹೆರಾಲ್ಡ್ ರಸೆಲ್‌ಗೆ ನಿಜಕ್ಕೂ ಎರಡೂ ಕೈ ಇರಲಿಲ್ಲ. ಎರಡರಲ್ಲಿ ಒಂದೇ ನೋಡುವಷ್ಟು ಟೈಮಿದ್ದರೆ ಅದನ್ನೇ ನೋಡಿ ಅಂತ ಹೇಳುತ್ತೇನೆ. ಮಿನಿವರ್‌ನ ಶೆಲ್ಟರ್ ದೃಶ್ಯ ಮಾತ್ರ ಬಿಡಬೇಡಿ.

ಸಿನಿಮಾ ಮುಗಿದ ಮೇಲೆ ಅವ್ವ ಮಲಗಲು ಹೋದಳು. ವೈನಿ ಕೂತೇ ಇದ್ದರು. ಕ್ಯಾರಲ್‌ಳ ಬಗ್ಗೆ ಏನಾದರೂ ಅನ್ನುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ವಿನ್ ಬಗ್ಗೆ. "ಆ ಹುಡುಗ ಕಾಲೇಜ್ ಬಿಟ್ಟು ವಿಮಾನಕ್ಕ ಸೇರ್ತೀನಿ ಅಂದಾಗ ಅವರವ್ವ ಬ್ಯಾಡ ಅಂದ್ಲೇನು? ನನಗ ಅಲ್ಲಿ ಮಾತು ತಿಳೀಲಿಲ್ಲ."

"ಅನ್ನಲಿಲ್ಲರಿ ವೈನಿ. ಸುಮ್ಮನಾದ್ಲು" ಅಂದೆ.

"ಹೂಂ" ಅಂದರು.

ಯಾಕೆ ಕೇಳಿದರು ಅಂತ ನನಗೆ ಗೊತ್ತಿತ್ತು. ಅಣ್ಣನ ಮಗನಿಗೆ ಹತ್ತು ವರ್ಷ. ವಿಜಯಪುರದ ಸೈನಿಕ ಶಾಲೆ ನಮ್ಮೂರಿನಿಂದ ಬಸ್ಸಿನ ದಾರಿ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ ಶುರುವಾದದ್ದು. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆಸಬೇಕು ಅಂತ ಅಣ್ಣನ ಆಸೆ. ಹುಡುಗನಿಗಂತೂ ಹುಚ್ಚು. ಒಳ್ಳೆಯ ಓದು, ಶಿಸ್ತು, ಮುಂದೆ ಸೈನ್ಯಕ್ಕೇ ಹೋಗಬೇಕು ಅಂತೇನೂ ಕಡ್ಡಾಯವಿಲ್ಲ, ಅಲ್ಲಿ ಓದಿದವರು ಡಾಕ್ಟರು ಎಂಜಿನಿಯರು ಎಲ್ಲ ಆಗಿದ್ದಾರೆ. ಇದನ್ನೆಲ್ಲ ವೈನಿಗೆ ಹೇಳಿ ಒಪ್ಪಿಸುವ ಕೆಲಸ ಅಣ್ಣ ನನಗೆ ಹಚ್ಚಿದ್ದ. ಮೇ ತಿಂಗಳಿಗೆ ಮೊದಲು ನಾನು ಅದನ್ನೆಲ್ಲ ಪಟಪಟ ಹೇಳುತ್ತಿದ್ದೆ. ಈಗ ಬಾಯಿ ಬರಲಿಲ್ಲ.

"ಒಬ್ಬರ ಸಲುವಾಗಿ ನಾಕ ದಿನ ಶಾವಿಗಿ ಮಾಡೀನಿ" ಅಂದರು ವೈನಿ. "ಇಬ್ಬರ ಸಲುವಾಗಿ ಎಷ್ಟ ಮಾಡ್ಲಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹುಡುಗನ ಆಸೆಯನ್ನು ಅಮ್ಮನ ಹೆದರಿಕೆಗೆ ಕಟ್ಟಿಹಾಕಬಾರದು ಅಂತ ಬೆಂಗಳೂರಿನಲ್ಲಿ ಕೂತು ನಾನು ಹೇಳಬಹುದು. ನನ್ನ ಫೋನು ರಾತ್ರಿ ಸೈಲೆಂಟಿನಲ್ಲಿರುತ್ತದೆ. ಅಣ್ಣನಿಗೂ ವೈನಿ ನೇರವಾಗಿ ಬೇಡ ಅಂದಿಲ್ಲವಂತೆ. ಹೂಂ ಅಂತಲೂ ಅಂದಿಲ್ಲ. ಒಂದು ಸಲ ಮಾತ್ರ, ಅಲ್ಲಿ ಈಗ ಹುಡುಗಿಯರನ್ನೂ ತಗೊಳ್ಳುತ್ತಾರೆ ಅಂತ ಚಿಕ್ಕ ಮಗಳು ಎಲ್ಲೋ ಕೇಳಿಕೊಂಡು ಬಂದು ಕುಣಿದಾಗ, ಜೋರಾಗಿ ನಕ್ಕರಂತೆ.

ಅರ್ಜಿ ಆನ್‌ಲೈನು. ಮನೆಯ ಕಂಪ್ಯೂಟರ್ ಕೆಲಸವೆಲ್ಲ ನನ್ನ ಪಾಲಿಗೆ, ಹಾಗಾಗಿ ಇದೂ ನನ್ನ ಲ್ಯಾಪ್‌ಟಾಪಿನಲ್ಲೇ. ಹೆಸರು, ಜನ್ಮ ದಿನಾಂಕ, ಅಪ್ಪನ ಉದ್ಯೋಗ ತುಂಬಿ ಆಗಿದೆ. ವಾಸಸ್ಥಳದ ದಾಖಲೆ, ಹುಡುಗನ ಸಹಿ, ಫೋಟೋ ಕಳಿಸಿ ಅಂತ ವೈನಿಗೆ ಮೆಸೇಜ್ ಮಾಡಿದೆ. ಎರಡು ದಿನ ಬರೀ ನೀಲಿ ಟಿಕ್. ಮೂರನೇ ದಿನ ಸಂಜೆ ದಾಖಲೆ, ಸಹಿ ಎರಡೂ ಬಂದವು. ಫೋಟೋ ಬರಲಿಲ್ಲ. ಕೇಳಿದ್ದಕ್ಕೆ ವಾಯ್ಸ್ ಮೆಸೇಜ್ ಕಳಿಸಿದರು, ಹಿಂದೆ ರೊಟ್ಟಿ ಬಡಿಯುವ ಸದ್ದು:

"ಇರೂ ಫೋಟೋದಾಗ ಕೂದಲಾ ಹಣಿ ಮ್ಯಾಲ ಬಂದಾವ. ಸಿಂದಗಿಗಿ ಹೋಗಿ ಬ್ಯಾರೆ ತಗಸ್ತೀನಿ, ತಡೀ."